ನೀಲಕ್ಕನ ಮೊದಲ ಮಾತು

ಧಾರವಾಡದ ಪ್ರಯೋಗಾಲಯದಲ್ಲಿ ಆ ಯಂತ್ರ ಒಂದು ದಿನವೂ ತಪ್ಪು ಮಾತಾಡಿದ್ದಿಲ್ಲ. ಗದಗಿನ ಮನೆಗೆ ಬಂದದ್ದೇ ತಡ, ಅದರ ಪಾಲಿಗೆ ಮನೆಮಂದಿಯೆಲ್ಲ ಪ್ರಯಾಣಿಕರಾಗಿಬಿಟ್ಟರು.

"ಪ್ರಯಾಣಿಕರೇ, ರೊಟ್ಟಿ ಆರಾಕತ್ತಾವು, ಉಣ್ಣಾಕ ಬಾ," ಎಂದಿತು ನೀಲಕ್ಕನ ಸೆರಗಿನ ಪಿನ್ನಿಗೆ ಸಿಕ್ಕಿಸಿದ್ದ ಗುಂಡಿಯಷ್ಟು ದೊಡ್ಡ ಸ್ಪೀಕರು.

ಅವಳು ತುಟಿಯಾಡಿಸಿ ಹೇಳಿದ್ದು "ಬಸೂ, ರೊಟ್ಟಿ ಆರಾಕತ್ತಾವು, ಉಣ್ಣಾಕ ಬಾ" ಎಂದು. ತಮ್ಮ ಬಸವಂತ ಕೈ ತೊಳೆದು ಬಂದು ತಾಟಿನ ಮುಂದೆ ಕುಳಿತು, "ಎಷ್ಟನೇ ಪ್ಲಾಟ್‌ಫಾರ್ಮಿಗೆ ಬರಬೇಕ್ರಿ ಮೇಡಂ?" ಎಂದು ಕೇಳಿದ. ನೀಲಕ್ಕ ಪಲ್ಯದ ಸೌಟು ಎತ್ತಿ ತೋರಿಸಿದಳು. ಸೌಟಿನ ಭಾಷೆಗೆ ಯಂತ್ರದ ಹಂಗು ಬೇಕಿರಲಿಲ್ಲ.

ನಗುವುದೇನೋ ಇಬ್ಬರೂ ನಕ್ಕರು. ಆದರೆ ಎರಡನೇ ರೊಟ್ಟಿ ಬಡಿಸುವಾಗ ನೀಲಕ್ಕನ ಮುಖ ಸಣ್ಣದಾಗಿತ್ತು. ಆಪರೇಷನ್ ಆದಾಗಿನಿಂದ ಅವಳು ಒಂದು ಸಲವೂ ತಮ್ಮನನ್ನು ಹೆಸರು ಹಿಡಿದು ಕರೆದಿರಲಿಲ್ಲ. ಯಂತ್ರ ಬಂದ ಮೇಲಾದರೂ ಕರೆಯಬಹುದೆಂದು ಕಾದಿದ್ದಳು. ಯಂತ್ರ ಉಳಿದ ಮಾತನ್ನೆಲ್ಲ ಸರಿಯಾಗಿ ಆಡಿ, ಹೆಸರನ್ನೊಂದೇ ನುಂಗುತ್ತಿತ್ತು.

ನೀಲಾಂಬಿಕಾ ಹೂಗಾರ ಎಂದರೆ ಊರಲ್ಲಿ ಯಾರಿಗೂ ಥಟ್ಟನೆ ಗೊತ್ತಾಗಲಿಕ್ಕಿಲ್ಲ. ಬಸ್‌ಸ್ಟ್ಯಾಂಡಿನ ದನಿ ಎಂದರೆ ಎಲ್ಲರಿಗೂ ಗೊತ್ತು. ಇಪ್ಪತ್ತು ವರ್ಷಕ್ಕೂ ಮೇಲೆ ಗದಗಿನ ಬಸ್‌ಸ್ಟ್ಯಾಂಡಿನ ಗಾಜಿನ ಗೂಡಿನಲ್ಲಿ ಕುಳಿತು ರೋಣ, ಮುಂಡರಗಿ, ನರಗುಂದದ ಬಸ್ಸುಗಳನ್ನು ಕೂಗಿ ಕಳಿಸಿದವಳು ಅವಳು. ತಾಯಿ ತೀರಿಕೊಂಡಾಗ ಬಸವಂತ ಇನ್ನೂ ಚಡ್ಡಿ ಹಾಕುವ ಹುಡುಗ. ಅವನನ್ನು ಸಾಕಿ, ಓದಿಸಿ, ಮದುವೆ ಮಾಡಿ ನಿಲ್ಲಿಸಿದ್ದೂ ಆ ಗಾಜಿನ ಗೂಡಿನ ಸಂಬಳವೇ. ಆಮೇಲೆ ಗಂಟಲಲ್ಲಿ ಗಂಟು ಕಾಣಿಸಿಕೊಂಡಿತು. ಡಾಕ್ಟರು ಜೀವ ಉಳಿಸಿ ಧ್ವನಿಪೆಟ್ಟಿಗೆ ತೆಗೆದರು.

ಗಂಟಲಿನ ದನಿ ಹೋದರೂ ನಾಲಿಗೆ, ತುಟಿ, ಗದ್ದಗಳು ಮಾತನ್ನು ಮರೆತಿರುವುದಿಲ್ಲ. ಮನಸ್ಸಿನಲ್ಲಿ ಮಾತು ಮೂಡಿದೊಡನೆ ಅವುಗಳ ಸ್ನಾಯುಗಳಲ್ಲಿ ನವಿರಾದ ವಿದ್ಯುತ್ತು ಹರಿಯುತ್ತದೆ. ಅದನ್ನೇ ಹಿಡಿದು ಮಾತಾಗಿಸಿದರೆ? ಸದ್ದೇ ಇಲ್ಲದ ಮನುಷ್ಯ ತನ್ನ ಹಳೆಯ ದನಿಯಲ್ಲೇ ಮಾತಾಡಿದರೆ? ಈ ಪ್ರಶ್ನೆಯ ಬೆನ್ನು ಹತ್ತಿದವರು ಧಾರವಾಡದ ಪ್ರಯೋಗಾಲಯದ ಡಾ. ವಾಮನ ಕಿಣಿ. ಅವರ ತಂಡದ ಎಂಜಿನಿಯರ್ ತಬಸ್ಸುಮ್ ನದಾಫ ಕಟ್ಟಿದ ಯಂತ್ರ ನೋಡಲು ಬಡಪಾಯಿಯಂತೆಯೇ ಇತ್ತು: ಗದ್ದದ ಕೆಳಗೆ ಕಟ್ಟಿಕೊಳ್ಳುವ ಒಂದು ಬಟ್ಟೆಯ ಪಟ್ಟಿ, ಸೊಂಟದ ಚೀಲದಲ್ಲಿ ಬೆಂಕಿಪೊಟ್ಟಣದಷ್ಟಿರುವ, ಲಿನಕ್ಸ್ ತಂತ್ರಾಂಶದಿಂದ ನಡೆಯುವ ಕಂಪ್ಯೂಟರು, ಅವೆರಡರ ನಡುವೆ ಸಂತೆಯಲ್ಲೂ ಸಿಗುವಂಥ ಒಂದು ಯುಎಸ್‌ಬಿ ಸೌಂಡ್ ಕಾರ್ಡು.

"ಮೈಕಿನಿಂದ ಬರೋದೂ ಸಣ್ಣ ಕರೆಂಟು, ಸ್ನಾಯುವಿನಿಂದ ಬರೋದೂ ಸಣ್ಣ ಕರೆಂಟು. ಕಾರ್ಡಿಗೆ ಎರಡೂ ಒಂದ ರೀ ನೀಲಕ್ಕ," ಎಂದು ತಬಸ್ಸುಮ್ ಮೊದಲ ದಿನವೇ ತಿಳಿಸಿದ್ದಳು. "ಕಾರ್ಡು ಅದನ್ನ ಅಂಕಿ ಮಾಡಿ ಕೊಡತೈತಿ. ಕಂಪ್ಯೂಟರ್ ಅದನ್ನ ಓದಿ ನಿಮ್ಮ ದನೀಲೆ ಮಾತಾಡತೈತಿ. ನಡುವ ಒಂದಿಷ್ಟು ತಪ್ಪಿ ಹೋದ್ರ, ನೀವು ಏನ್ ಅಂದಿರಬಹುದು ಅಂತ ತಾನ ಊಹಿಸಿ ತುಂಬತೈತಿ."

ಆ ಊಹೆಯಲ್ಲೇ ಇತ್ತು ತೊಂದರೆ. ಯಂತ್ರಕ್ಕೆ ಕಲಿಸಲು ನೀಲಕ್ಕನ ಹಳೆಯ ದನಿ ಬೇಕಿತ್ತು. ಸಿಕ್ಕಿದ್ದೆಲ್ಲ ಬಸ್‌ಸ್ಟ್ಯಾಂಡಿನ ಕಂಪ್ಯೂಟರಿನಲ್ಲಿ ಉಳಿದಿದ್ದ ಪ್ರಕಟಣೆಗಳು. ಹೆಣ್ಣುಮಗಳೊಬ್ಬಳು ಅಡುಗೆಮನೆಯಲ್ಲಿ ತಮ್ಮನನ್ನು ಬೈದದ್ದನ್ನು, ಹಾಲಿನವನೊಡನೆ ಜಗಳವಾಡಿದ್ದನ್ನು ಯಾರು ರೆಕಾರ್ಡ್ ಮಾಡಿಟ್ಟಿರುತ್ತಾರೆ? ಹೀಗಾಗಿ ವಾಕ್ಯದ ಮೊದಲ ಮಾತು ಕಳೆದುಹೋದರೆ ಯಂತ್ರಕ್ಕೆ ತುಂಬಲು ಹೊಳೆಯುವುದು ಒಂದೇ ಒಂದು ಪದ.

ಹಾಲಿನವನಿಗೆ, "ಪ್ರಯಾಣಿಕರೇ, ನಿನ್ನಿ ಹಾಲು ಒಡದಿತ್ತು." ಎದುರುಮನೆಯ ಅಜ್ಜಿಗೆ, "ಪ್ರಯಾಣಿಕರೇ, ಮಂಡಿನೋವು ಹೆಂಗೈತಿ?" ಅಜ್ಜಿ ಮಾತ್ರ ಬೇಜಾರು ಮಾಡಿಕೊಳ್ಳಲಿಲ್ಲ. "ಹೌದವ್ವಾ, ನಾನೂ ಹೊರಟ ನಿಂತಾಕಿನ," ಎಂದಳು.

ಮೊದಲ ಮಾತು ಕಳೆದರೆ ಏನು ಮಹಾ ಎನ್ನಿಸಬಹುದು. ಮನೆಯ ಮಾತಿನಲ್ಲಿ ಮೊದಲು ಬರುವುದು ಯಾರೋ ಒಬ್ಬರ ಹೆಸರು, ಇಲ್ಲವೇ ಅಕ್ಕ, ತಂಗಿ, ಅವ್ವ. ಯಂತ್ರ ವಿಷಯವನ್ನೆಲ್ಲ ಉಳಿಸಿ ಸಂಬಂಧವನ್ನು ಕಳೆಯುತ್ತಿತ್ತು.

*

"ಇಲ್ಲಿ ಸರಿಯಾಗೇ ಇದೆಯಲ್ಲ," ಎಂದರು ಡಾ. ಕಿಣಿ. ಮಂಗಳೂರಿನ ಕಡೆಯವರು, ಮೆದುಮಾತಿನವರು. ಆದರೆ ಮೆದುವಾಗಿ ಹೇಳಿದ ಮಾತ್ರಕ್ಕೆ ಅನುಮಾನ ಅನುಮಾನವಲ್ಲದೆ ಹೋಗುವುದಿಲ್ಲ. "ಮನೆಯಲ್ಲಿ ಇದನ್ನು ನೀರಿಗೆ ಏನಾದರೂ ತಾಗಿಸಿದಿರಾ?"

ನೀಲಕ್ಕ ಪ್ರಯೋಗಾಲಯದ ಹಿಂದಿನ ಅದೇ ಕುರ್ಚಿಯಲ್ಲಿ, ಅದೇ ಮೇಜಿನ ಮುಂದೆ ಕುಳಿತಿದ್ದಳು. ಮೇಜಿನ ಮೇಲೆ ಪರೀಕ್ಷೆಗಳನ್ನು ರೆಕಾರ್ಡ್ ಮಾಡುವ ಉದ್ದನೆಯ ಮೈಕು ನಿಂತಿತ್ತು. ಮೈಕು ಕಂಡರೆ ಅವಳ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. ಬೆರಳಿನಿಂದ ಟಕ್ ಟಕ್ ಎಂದು ತಟ್ಟಿ, ಗಂಟಲು ಸರಿಮಾಡಿಕೊಂಡು, ಆಮೇಲೆ ಬಾಯಿ ತೆರೆಯುವುದು ಅವಳ ಇಪ್ಪತ್ತು ವರ್ಷದ ರೂಢಿ. ಸರಿಮಾಡಿಕೊಳ್ಳಲು ಈಗ ಗಂಟಲೇ ಇರಲಿಲ್ಲ, ರೂಢಿ ಮಾತ್ರ ಉಳಿದಿತ್ತು.

"ಡಾಕ್ಟರ್, ನೀರು ಮುಟ್ಟಿಲ್ಲ. ಬೇಕಾದರೆ ಬಿಚ್ಚಿ ನೋಡ್ರಿ," ಎಂದಿತು ಯಂತ್ರ, ಪದ ಒಂದೂ ಬಿಡದೆ. ಡಾಕ್ಟರ ಎದುರಿಗೇ ತನ್ನನ್ನು ಸುಳ್ಳುಗಾರ್ತಿಯನ್ನಾಗಿ ಮಾಡಿತಲ್ಲ ಎಂದು ನೀಲಕ್ಕನಿಗೆ ಅದರ ಮೇಲೆ ಸಿಟ್ಟು ಉಕ್ಕಿತು.

ತಬಸ್ಸುಮ್ ಸುಮ್ಮನೆ ಕೂರುವವಳಲ್ಲ. ಲ್ಯಾಪ್‌ಟಾಪಿನ ಕಪ್ಪು ಪರದೆ ತೆರೆದು ಒಂದೊಂದೇ ಆಜ್ಞೆ ಬರೆಯುತ್ತ ಹೋದಳು. ಕಂಪ್ಯೂಟರಿಗೆ ಕಾರ್ಡು ಕಾಣಿಸುತ್ತಿದೆಯೇ? ಕಾಣಿಸುತ್ತಿದೆ. ಒಮ್ಮೊಮ್ಮೆ ಲಿನಕ್ಸಿನಲ್ಲಿ ಎರಡು ಕಾರ್ಡುಗಳ ನಂಬರು ಅದಲುಬದಲಾಗಿ, ಮಾತು ತಪ್ಪು ಬಾಗಿಲಿಗೆ ಹೋಗುವುದುಂಟು. ಹಾಗೇನೂ ಆಗಿರಲಿಲ್ಲ. ಸದ್ದಿನ ಮಟ್ಟ ಹೊಂದಿಸುವ ಮಿಕ್ಸರಿನಲ್ಲಿ ಯಾವುದಾದರೂ ದಾರಿ ಮುಚ್ಚಿದೆಯೇ? ಇಲ್ಲ. ವೈರು ಬದಲಿಸಿದಳು, ಪೋರ್ಟು ಬದಲಿಸಿದಳು, ಕೊನೆಗೆ ಕಾರ್ಡನ್ನೇ ಬದಲಿಸಿ ಹೊಸದು ಹಾಕಿದಳು. ದೋಷಗಳು ದಾಖಲಾಗುವ ಲಾಗು ಕನ್ನಡಿಯಂತೆ ಸ್ವಚ್ಛವಾಗಿತ್ತು.

"ಕಾರ್ಡಿನ ತಪ್ಪಲ್ಲ ಅನ್ನಸ್ತದ ಸರ್," ಎಂದಳು ಕೊನೆಗೆ.

"ಹಾಗಾದರೆ ಕಲಿಕೆಯದೇ ತಪ್ಪು. ಬಸ್‌ಸ್ಟ್ಯಾಂಡಿನ ಭಾಷೆ ಜಾಸ್ತಿಯಾಯಿತು. ಯಂತ್ರ ಇಲ್ಲೇ ಇರಲಿ, ಮನೆಮಾತು ಹಾಕಿ ಮತ್ತೆ ಕಲಿಸೋಣ. ಒಂದೂವರೆ ತಿಂಗಳು ಬೇಕಾದೀತು."

ನೀಲಕ್ಕ ಎರಡೂ ಕೈಯಲ್ಲಿ ಸೊಂಟದ ಚೀಲವನ್ನು ಹಿಡಿದುಕೊಂಡಳು. ಮುಂದಿನ ವಾರ ತೊಟ್ಟಿಲು ಇತ್ತು.

*

ಬಸವಂತನ ಹೆಂಡತಿ ಸುವರ್ಣಾ ಬಾಣಂತನಕ್ಕೆ ನರಗುಂದದ ತವರಿಗೆ ಹೋಗಿದ್ದಳು. ಹೆಣ್ಣುಮಗು ಹುಟ್ಟಿತ್ತು. ಮದುವೆಯಾಗಿ ಎಷ್ಟೋ ವರ್ಷ ಕಾದು ಪಡೆದ ಕೂಸು. ತೊಟ್ಟಿಲಿಗೆ ಹಾಕುವ ದಿನ ಕೂಸಿನ ಕಿವಿಯಲ್ಲಿ ಹೆಸರು ಕರೆಯುವುದು ಸೋದರತ್ತೆಯ ಹಕ್ಕು. ಬಸವಂತನಿಗೆ ಒಡಹುಟ್ಟಿದವಳೆಂದರೆ ನೀಲಕ್ಕ ಒಬ್ಬಳೇ. ಏನು ಹೆಸರು ಎಂದು ಅವಳು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ತಾಯಿ ಮಲ್ಲವ್ವ ಹೂ ಕಟ್ಟಿ ಮಾರಿ ಮನೆ ನಡೆಸಿದವಳು. ಆ ಹೆಸರನ್ನೇ ಸ್ವಲ್ಪ ಹೊಸದು ಮಾಡಿ ಮಲ್ಲಿಕಾ ಎಂದು ಇಡಬೇಕೆಂದು ಮನಸ್ಸಿನಲ್ಲೇ ನಿಶ್ಚಯಿಸಿಕೊಂಡಿದ್ದಳು.

ಮನೆಗೆ ಮರಳಿದ ಸಂಜೆ ಬೀಗತಿ ಕಲಾವತೆವ್ವನ ಫೋನು ಬಂತು. ಬಸವಂತ ಸ್ಪೀಕರ್ ಹಾಕಿದ.

"ನೀಲಕ್ಕಾರ, ತಪ್ಪ ತಿಳ್ಕೋಬ್ಯಾಡ್ರಿ," ಎಂದು ಶುರುಮಾಡಿದಳು ಕಲಾವತೆವ್ವ. ಕೆಟ್ಟವಳಲ್ಲ ಪಾಪ. ಸಂಕೋಚದಿಂದ ಅವಳ ಮಾತು ಅರ್ಧರ್ಧ ತುಂಡಾಗುತ್ತಿತ್ತು. "ಕೂಸಿನ ಕಿವ್ಯಾಗ ಬೀಳೋ ಮೊದಲ ಕರೆ ನೋಡ್ರಿ ಅದು. ಮಂದಿ ಕೂಡಿರತಾರ. ಯಂತ್ರ ಹಿಂದ ಮುಂದ ಏನರ ಅಂತಂದ್ರ... ನಿಮ್ಮ ಕಾಕನ ಮಗಳು ಕಸ್ತೂರಿ ಅದಾಳಲ್ರೀ, ಆಕೀನೂ ಅತ್ತಿನ ಆಗ್ತಾಳ. ಕರಿಯೋದೊಂದು ಆಕಿ ಕರೀಲಿ. ನೀವು ಬಾಜೂಕ ನಿಂತ್ರ ಆತು."

ನೀಲಕ್ಕ ಫೋನನ್ನು ತಮ್ಮನ ಕಡೆಗೇ ಸರಿಸಿದಳು. ತಾನು ಬಾಯಿ ತೆರೆದರೆ ಬೀಗತಿಯೂ ಪ್ರಯಾಣಿಕಳಾಗುತ್ತಿದ್ದಳು.

ಕಸ್ತೂರಿಗೆ ಸುದ್ದಿ ಮುಟ್ಟಲು ತಡವಾಗಲಿಲ್ಲ. ಮರುದಿನವೇ ಬಂದು, ದಿಂಬೊಂದನ್ನು ಕೂಸಿನಂತೆ ಮಡಿಲಲ್ಲಿ ಹಾಕಿಕೊಂಡು ಅದರ ಮೂಲೆಗೆ ಬಾಯಿ ಹಚ್ಚಿ, ಅತ್ತೆಯರು ಹೆಸರು ಕರೆಯುವಾಗ ಮಾಡುವ ಸದ್ದನ್ನು "ಕುರ್ರ್ರ್..." ಎಂದು ಅಭ್ಯಾಸ ಮಾಡಿ ತೋರಿಸಿದಳು. "ಹೆಸರ ಏನಂತ ಹೇಳಿಬಿಡ ಯಕ್ಕಾ, ಅವತ್ತ ಮರತರ ಕಷ್ಟ."

"ಪ್ರಯಾಣಿಕರೇ, ಆವಾಗ ಹೇಳ್ತೀನಿ," ಎಂದಳು ನೀಲಕ್ಕ. ಕಸ್ತೂರಿ ಹೋದ ಮೇಲೆ ಹಿತ್ತಲಿಗೆ ಹೋಗಿ ಅತ್ತಳು. ದನಿಯಿಲ್ಲದ ಅಳು ಯಾರಿಗೂ ಕೇಳುವುದಿಲ್ಲ ಎಂಬುದೊಂದೇ ಆ ಕಾಯಿಲೆ ಅವಳಿಗೆ ಕೊಟ್ಟಿದ್ದ ಅನುಕೂಲ. ಆದರೆ ತಮ್ಮ ನೋಡಿದ. ನೋಡಿದವನೇ ತಬಸ್ಸುಮ್‌ಗೆ ಫೋನ್ ಮಾಡಿದ. "ಮೇಡಂ, ಯಂತ್ರ ಅಲ್ಲಿಗೆ ತರೂದಿಲ್ರಿ. ನೀವ ಇಲ್ಲಿಗೆ ಬರ್ರಿ. ಕೆಡೋದು ಇಲ್ಲೇ, ಅಲ್ಲಲ್ಲ."

*

ರಜೆಯ ದಿನ ತಬಸ್ಸುಮ್ ಬಂದಳು. ಅಡುಗೆಮನೆಯ ಮಣೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ನೀಲಕ್ಕ ಶೇಂಗಾ ಹುರಿಯುವುದನ್ನು ನೋಡುತ್ತ ಕುಳಿತಳು. ಅವಳ ಕಣ್ಣೆದುರೇ ಯಂತ್ರ ಅವಳನ್ನೂ ಪ್ರಯಾಣಿಕರ ಸಾಲಿಗೆ ಸೇರಿಸಿತು.

"ಅರೆ, ಖರೇನ!" ಎಂದಳು ಅವಳು. ಕೆಟ್ಟದ್ದನ್ನು ಕಂಡು ಅಷ್ಟು ಖುಷಿಪಟ್ಟವರನ್ನು ನೀಲಕ್ಕ ನೋಡಿರಲಿಲ್ಲ. "ತಡೀರಿ, ಕಿಣಿ ಸರ್‌ಗೆ ತೋರಸಾಕ ಇದನ್ನ ರೆಕಾರ್ಡ್ ಮಾಡ್ಕೋತೀನಿ."

ತನ್ನ ಫೋನನ್ನು ರೆಕಾರ್ಡಿಗೆ ಹಾಕಿ ನೀಲಕ್ಕನ ಮುಂದೆ ಇಟ್ಟಳು. ನೀಲಕ್ಕ ಮಾತಾಡಿದಳು. "ತಬಸ್ಸುಮ್, ಶೇಂಗಾ ತಿಂದು ನೋಡು," ಎಂದಿತು ಯಂತ್ರ, ಸ್ಪಷ್ಟವಾಗಿ.

ಫೋನು ತೆಗೆದಳು. "ಪ್ರಯಾಣಿಕರೇ, ಉಪ್ಪು ಸಾಕಾ?"

ಫೋನು ಇಟ್ಟಳು. "ತಬಸ್ಸುಮ್, ಉಪ್ಪು ಸಾಕಾ?"

ಫೋನಿನ ಸಿಗ್ನಲ್ಲು ಏನೋ ಮಾಡುತ್ತಿರಬೇಕೆಂದು ತಬಸ್ಸುಮ್ ಅದನ್ನು ಪೂರ್ತಿ ಸ್ವಿಚ್ ಆಫ್ ಮಾಡಿ ಇಟ್ಟಳು. ಆಗಲೂ ಮಾತು ಸರಿ ಬಂತು. ಅದೇ ಫೋನನ್ನು ಬ್ಯಾಗಿನೊಳಗೆ ಹಾಕಿ ಅಲ್ಲೇ ಪಕ್ಕದಲ್ಲಿಟ್ಟರೆ ತಪ್ಪು ಬಂತು. ಸತ್ತ ಫೋನು ಕಣ್ಣಿಗೆ ಕಂಡರೆ ಸರಿ, ಕಾಣದಿದ್ದರೆ ತಪ್ಪು! ಓದಿದ ವಿಜ್ಞಾನವೆಲ್ಲ ತಲೆಕೆಳಗಾಗಿ ತಬಸ್ಸುಮ್ ಹಣೆ ಹಿಡಿದುಕೊಂಡಳು.

ಬಸವಂತ ಬಾಗಿಲಿಗೆ ಒರಗಿ ಶೇಂಗಾ ತಿನ್ನುತ್ತಿದ್ದ. "ಅದೇನ್ ದೊಡ್ಡ ವಿಷಯ ಅಲ್ಬಿಡ್ರಿ ಮೇಡಂ," ಎಂದ ನಗುತ್ತ. "ನಿಮ್ಮ ಫೋನ್ ಕಂಡ ಕೂಡ್ಲೆ ಅಕ್ಕ ಡ್ಯೂಟಿ ಮ್ಯಾಲೆ ಹೋಗ್ತಾಳ. ಟಕ್ ಟಕ್ ಅಂತ ಬಡದು, ಗಂಟಲಾ ಸರಿ ಮಾಡ್ಕೊಂಡ ಮಾತಾಡೋದು. ಮನ್ಯಾಗ ನಮ್ಮ ಮುಂದ ಆ ಮರ್ಯಾದಿ ಇಲ್ಲ."

ಅವನು ಚೇಷ್ಟೆಗೆ ಹೇಳಿದ್ದು. ತಬಸ್ಸುಮ್ ಮಾತ್ರ ನಗಲಿಲ್ಲ. ಬಾಯಿಗೆ ಹೊರಟಿದ್ದ ಶೇಂಗಾ ಕೈಯಲ್ಲೇ ಉಳಿಯಿತು.

"ನೀಲಕ್ಕ, ಪ್ರಯೋಗಾಲಯದಾಗೂ ಹಂಗ ಮಾಡ್ತಿದ್ರಿ?"

ನೀಲಕ್ಕನಿಗೆ ತಾನು ಹಾಗೆ ಮಾಡುತ್ತೇನೆಂಬುದೇ ಗೊತ್ತಿರಲಿಲ್ಲ. ಮೈಕಿನ ಮುಂದೆ ಯಾರಾದರೂ ಮತ್ತೆ ಹೇಗೆ ಮಾತಾಡುತ್ತಾರೆ?

ತಬಸ್ಸುಮ್ ಲ್ಯಾಪ್‌ಟಾಪಿನತ್ತ ತಿರುಗಿ ಸರಸರನೆ ಏನೋ ಬರೆದಳು. ಪರದೆಯ ಮೇಲೆ ಬಂದ ಒಂದು ಪದವನ್ನು ನೋಡಿ ಹಣೆ ಬಡಿದುಕೊಂಡು ನಕ್ಕಳು. "ಮಲಗತೈತ್ರಿ! ಕಾರ್ಡು ಮಲಗತೈತಿ!"

"ಪ್ರಯಾಣಿಕರೇ, ಹಗಲೊತ್ತಿನಾಗ?" ಎಂದಳು ನೀಲಕ್ಕ.

"ಹೂಂ ಮತ್ತ. ಬ್ಯಾಟರಿ ಉಳಸಾಕ ಲಿನಕ್ಸ್ ಮಾಡೋ ಉಪಾಯ ಇದು. ಸ್ವಲ್ಪ ಹೊತ್ತು ಸದ್ದಿಲ್ಲ ಅಂದ್ರ ಕಾರ್ಡನ್ನ ಮಲಗಸತೈತಿ. ನೀವು ಗದ್ದ ಅಲುಗಿಸಿದ್ರ ಈ ಪಟ್ಟ್ಯಾಗಿನ ಸ್ವಿಚ್ಚು ಅದನ್ನ ಎಬ್ಬಸತೈತಿ. ಆದ್ರ ಅದು ಕಣ್ಣ ತಿಕ್ಕೊಂಡು ಏಳೋದರಾಗ ಮೊದಲನೇ ಮಾತು ಹೋಗಿಬಿಡತೈತಿ. ಮೈಕ್ ಮುಂದ ಇದ್ರ ನೀವು ಮೊದಲು ಗಂಟಲಾ ಸರಿ ಮಾಡ್ಕೋತೀರಿ. ಅದು ಮಾತಲ್ಲ, ಹೋದ್ರ ಹೋಗ್ಲಿ. ಅಷ್ಟರಾಗ ಕಾರ್ಡು ಎದ್ದು ಕುಂತಿರತೈತಿ."

ದೋಷ ಯಂತ್ರದಲ್ಲಿಯೇ ಇತ್ತು. ನೀಲಕ್ಕನ ಮರ್ಯಾದೆಯ ರೂಢಿ ಅದನ್ನು ಪ್ರಯೋಗಾಲಯದಲ್ಲಿ ಮುಚ್ಚಿಟ್ಟಿತ್ತು, ಅಷ್ಟೇ. ಲಾಗಿನಲ್ಲಿ ಏನೂ ಸಿಗಲಿಲ್ಲ, ಏಕೆಂದರೆ ನಿದ್ದೆ ಮಾಡುವುದು ಲಿನಕ್ಸಿನ ಲೆಕ್ಕದಲ್ಲಿ ತಪ್ಪಲ್ಲ.

ತಬಸ್ಸುಮ್ ಒಂದು ಸಾಲು ಬರೆದು ಕಾರ್ಡಿಗೆ ನಿದ್ದೆ ಬೇಡವೆಂದಳು. ಚೀಲದ ಮೇಲಿನ ಹಸಿರು ದೀಪ ಹೊತ್ತಿಕೊಂಡಿತು, ಆರಲಿಲ್ಲ. "ಎದ್ದದ್ದಕ್ಕ ಇದ ಗುರುತು. ಈಗ ಸುಮ್ನ ಕುಂತು, ಆಮ್ಯಾಲೆ ಮಾತಾಡ್ರಿ. ಟಕ್ ಟಕ್ ಬ್ಯಾಡ."

ಮೂವರೂ ಸುಮ್ಮನೆ ಕಾದರು. ಬಾಣಲೆಯ ಶೇಂಗಾ ಒಂದೆರಡು ಚಟಪಟ ಎಂದು ಸುಮ್ಮನಾದವು. ನೀಲಕ್ಕ ತಮ್ಮನ ಕಡೆ ನೋಡಿದಳು.

"ಬಸೂ," ಎಂದಳು.

ಬಾಗಿಲಿಗೆ ಒರಗಿದ್ದ ಬಸವಂತ ನೆಟ್ಟಗಾದ. "ಏನಕ್ಕಾ?" ಎಂದ, ಚಿಕ್ಕವನಿದ್ದಾಗ ಹೇಳುತ್ತಿದ್ದ ಹಾಗೆ. ಹೇಳಲು ಅವಳಿಗೆ ಏನೂ ಇರಲಿಲ್ಲ. ಕರೆಯುವುದಷ್ಟೇ ಬೇಕಾಗಿತ್ತು.

ಆ ಮೇಲೆ ಅವಳನ್ನು ಹಿಡಿಯುವವರೇ ಇಲ್ಲ. ಇಷ್ಟು ತಿಂಗಳು ಒಳಗೆ ಕಟ್ಟಿಟ್ಟ ಮಾತೆಲ್ಲ ಒಮ್ಮೆಲೇ ಹೊರಬಿತ್ತು. ಕಲಾವತೆವ್ವನಿಗೆ ಫೋನ್ ಮಾಡಿ, "ಬೀಗತಿಯಾರ, ಕಸ್ತೂರಿಗೆ ಗುಗ್ಗರಿ ಹಂಚೋ ಕೆಲಸ ಕೊಡ್ರಿ, ಹೆಸರು ನಾ ಕರೀತೀನಿ," ಎಂದಳು. ಕಲಾವತೆವ್ವ ಆ ಬಸ್‌ಸ್ಟ್ಯಾಂಡಿನ ದನಿ ಗುರುತಿಸಿ, "ಆಗ್ಲೆವ್ವಾ ಆಗ್ಲಿ," ಎಂದು ತಾನೇ ಗದ್ಗದಳಾದಳು. ಗಿರ್ಮಿಟ್ ಆಯಿತು, ಚಹಾ ಆಯಿತು, ತಬಸ್ಸುಮ್‌ಳ ಅವ್ವನ ಆರೋಗ್ಯ, ಅವಳ ಅಕ್ಕನ ಮದುವೆ ಎಲ್ಲದರ ವಿಚಾರಣೆಯಾಯಿತು. ನೀಲಕ್ಕ ಪ್ರತಿ ಮಾತಿಗೂ ಮೊದಲು ಹೆಸರು ಹಿಡಿದು ಕರೆಯುತ್ತಿದ್ದಳು, ಬೇಕಿರಲಿ ಬಿಡಲಿ. ಕತ್ತಲಾಗುವ ಮೊದಲು ಧಾರವಾಡದ ಬಸ್ಸು ಹಿಡಿಯಲು ತಬಸ್ಸುಮ್ ಎದ್ದಾಗ ಲ್ಯಾಪ್‌ಟಾಪು ಯಾವಾಗಲೋ ಮುಚ್ಚಿಹೋಗಿತ್ತು.

ಅವಳು ಬರೆದ ಆ ಒಂದು ಸಾಲು ಕಂಪ್ಯೂಟರು ಚಾಲೂ ಇರುವವರೆಗೆ ಮಾತ್ರ ನಡೆಯುವಂಥದ್ದು. ಚಹಾ ಕುಡಿದ ಮೇಲೆ ಕಾಯಂ ಆಗಿ ಬರೆದಿಡಬೇಕೆಂದು ಅಂದುಕೊಂಡಿದ್ದಳು. ಯಾರಾದರೂ ಅಷ್ಟು ಪ್ರೀತಿಯಿಂದ ಮಾತಾಡುತ್ತಿದ್ದರೆ ಎಂಥ ಎಂಜಿನಿಯರಿಗೂ ಒಂದು ಕೆಲಸ ಮರೆಯುತ್ತದೆ.

*

ನರಗುಂದದ ಮನೆಯಲ್ಲಿ ತೊಟ್ಟಿಲಿಗೆ ಸೇವಂತಿಗೆ ಮಾಲೆ ಸುತ್ತಿದ್ದರು. ಗೋಧಿ, ಕಡಲೆ ಬೇಯಿಸಿದ ಗುಗ್ಗರಿಯ ವಾಸನೆ ಅಂಗಳದವರೆಗೆ ಬರುತ್ತಿತ್ತು. ತಬಸ್ಸುಮ್ ಕೂಸಿಗೊಂದು ಕುಲಾಯಿ ತಂದಿದ್ದಳು. ಹೆಂಗಸರ ಗುಂಪಿನಲ್ಲಿ ಅವಳನ್ನು ಗೋಡೆಯ ಕಡೆಗೆ ಒತ್ತಿ ಕೂರಿಸಿದ್ದರು.

ಗದಗಿನ ಮನೆಯಲ್ಲಿ ಚೀಲಕ್ಕೆ ಚಾರ್ಜರು ಸಿಕ್ಕಿಸಿಯೇ ಇರುತ್ತಿದ್ದರಿಂದ ಕಂಪ್ಯೂಟರು ಅಲ್ಲಿಯವರೆಗೆ ಒಮ್ಮೆಯೂ ಆರಿರಲಿಲ್ಲ. ಇಲ್ಲಿ ನೀಲಕ್ಕ ಬೆಳಗಿನಿಂದ ಮಾತಾಡಿದ್ದೇ ಮಾತಾಡಿದ್ದು. ನಿದ್ದೆಗೆಟ್ಟ ಕಾರ್ಡು ಅಷ್ಟೇ ಸಲೀಸಾಗಿ ಬ್ಯಾಟರಿ ತಿನ್ನುತ್ತಿತ್ತು. ಅದರ ಕಡೆ ಯಾರಿಗೆ ಲಕ್ಷ್ಯ? ಸರಿಯಾಗಿ ಕೂಸನ್ನು ಹೊರಗೆ ತರುವ ಹೊತ್ತಿಗೆ, "ಸುವರ್ಣಾ, ಕೂಸಿಗೆ ದೃಷ್ಟಿಬೊಟ್ಟು..." ಎನ್ನುತ್ತಿದ್ದಂತೆ ಯಂತ್ರ ನಡುವೆಯೇ ನಿಂತುಹೋಯಿತು.

ಬಸವಂತ ಓಡಿಹೋಗಿ ಬ್ಯಾಗಿನಿಂದ ಇನ್ನೊಂದು ಬ್ಯಾಟರಿ ತಂದು ಹಾಕಿದ. ಕಂಪ್ಯೂಟರು ಮತ್ತೆ ಮೊದಲಿನಿಂದ ಶುರುವಾಯಿತು. ಹಸಿರು ದೀಪ ಹೊತ್ತಿತು. "ಹ್ಞಾಂ, ಆತು," ಎಂದು ಅವನು ಹಿಂದೆ ಸರಿದ. ಅತ್ತ ಹೆಂಗಸರು ತೊಟ್ಟಿಲಿನ ಎರಡೂ ಬದಿಗೆ ನಿಂತು, "ಗಂಗವ್ವನ್ನ ತಗೋರಿ, ಗೌರವ್ವನ್ನ ಕೊಡ್ರಿ," ಎಂಬ ಶಾಸ್ತ್ರದ ಮಾತು ಹೇಳುತ್ತ ಕೂಸನ್ನು ತೊಟ್ಟಿಲಿನ ಮೇಲಿನಿಂದ ಕೆಳಗಿನಿಂದ ದಾಟಿಸತೊಡಗಿದ್ದರು.

ನೀಲಕ್ಕ ತಲೆ ತಗ್ಗಿಸಿದಾಗ ಹಸಿರು ದೀಪ ಆರಿತ್ತು.

ಅವಳು ತಲೆಯೆತ್ತಿ ಹೆಂಗಸರ ತಲೆಗಳ ಮೇಲಿಂದ ತಬಸ್ಸುಮ್‌ಳನ್ನು ಹುಡುಕಿದಳು. ಅವಳಿಗೂ ಅಷ್ಟರಲ್ಲಿ ಗೊತ್ತಾಗಿತ್ತು. ಎರಡೂ ಕೈ ಹಣೆಯ ಮೇಲಿಟ್ಟುಕೊಂಡು ಬಿಳಿಚಿಕೊಂಡು ಎದ್ದು ನಿಂತಿದ್ದಳು. ಲ್ಯಾಪ್‌ಟಾಪು ಧಾರವಾಡದಲ್ಲಿತ್ತು.

"ಬರ್ರಿ ನೀಲಕ್ಕಾರ, ಕರೀರಿ," ಎಂದಳು ಕಲಾವತೆವ್ವ, ಕಣ್ಣಲ್ಲಿ ಅಭಿಮಾನ ತುಂಬಿಕೊಂಡು.

ಕೂಸನ್ನು ತೊಟ್ಟಿಲಲ್ಲಿ ಮಲಗಿಸಿದ್ದರು. ನೀಲಕ್ಕ ಬಗ್ಗಿದಳು. ಬಗ್ಗಿದಾಗ ಸೆರಗಿನ ಸ್ಪೀಕರು ಕೂಸಿನ ಕಿವಿಯ ಹತ್ತಿರಕ್ಕೆ ಬಂತು, ಸೊಂಟದ ಚೀಲ ಕಣ್ಣೆದುರಿಗೆ ತೂಗಾಡಿತು. ದೀಪ ಆರಿಯೇ ಇತ್ತು. ಈಗ ಬಾಯಿ ತೆರೆದರೆ ಹೆಸರು ಹೋಗುತ್ತದೆ. ಇಡೀ ಮಾತೇ ಒಂದು ಹೆಸರು, ಉಳಿಯಲು ಏನೂ ಇರುವುದಿಲ್ಲ. ಅವ್ವನ ಹೆಸರಿನ 'ಮ' ಕೂಡ ಕಿವಿಗೆ ಬೀಳದೆ, ಅವಳ ತಮ್ಮನ ಮಗಳು ಈ ಲೋಕದಲ್ಲಿ ಕೇಳುವ ಮೊದಲ ಕರೆ ಗದಗಿನ ಬಸ್‌ಸ್ಟ್ಯಾಂಡಿನದ್ದಾಗುತ್ತದೆ. ಎದ್ದು ನಿಂತು ಕಸ್ತೂರಿಯನ್ನು ಕರೆದುಬಿಡಲೇ ಎನ್ನಿಸಿತು. ಆದರೆ ಕರೆಯಲಿಕ್ಕಾದರೂ ಮೊದಲ ಮಾತು ಬೇಕಲ್ಲ!

ಟಕ್ ಟಕ್ ಎಂದು ತಟ್ಟಲೇ? ಮೈಕಿದ್ದಲ್ಲಿ ಮೈಕು ತಟ್ಟಬಹುದು, ಎಳೆಗೂಸಿನ ಕಿವಿ ತಟ್ಟಲಾಗುತ್ತದೆಯೇ?

"ಕುರ್ರ್ ಅನ್ನ ಯಕ್ಕಾ, ಮರತೀ ಏನು?" ಎಂದು ಹಿಂದಿನಿಂದ ಪಿಸುಗುಟ್ಟಿದಳು ಕಸ್ತೂರಿ. ಹೆಸರು ಕರೆದ ಅತ್ತೆಯ ಬೆನ್ನಿಗೆ ಪದ್ಧತಿಯಂತೆ ಗುದ್ದಲು ಕೈ ಮುಷ್ಟಿ ಮಾಡಿಕೊಂಡು ಅವಳೇ ಎಲ್ಲರಿಗಿಂತ ಮುಂದೆ ನಿಂತಿದ್ದಳು.

ನೀಲಕ್ಕನ ತಾಯಿಯ ಸೋದರತ್ತೆ ತಾಯಿಯ ಕಿವಿಯಲ್ಲಿ ಹಾಗೆ ಅಂದಿದ್ದಳು, ನೀಲಕ್ಕನ ಸೋದರತ್ತೆ ನೀಲಕ್ಕನ ಕಿವಿಯಲ್ಲಿ ಅಂದಿದ್ದಳು. ಹೆಸರಿಗೆ ಮೊದಲು ಕುರ್ರ್ ಎನ್ನದೆ ಯಾವ ಅತ್ತೆಯೂ ಕೂಸನ್ನು ಕರೆದದ್ದಿಲ್ಲ. ಮಾತಲ್ಲದ ಒಂದು ಸದ್ದು. ಹೋದರೆ ಹೋಗಲಿ.

ಅವಳು ನಾಲಿಗೆ ಮೇಲಕ್ಕೆತ್ತಿ, ಗದ್ದ ಆಡಿಸಿ, ಸದ್ದಿಲ್ಲದ ಕುರ್ರ್ ಒಂದನ್ನು ಶುರುಮಾಡಿದಳು. ಸ್ಪೀಕರಿನಿಂದ ಏನೂ ಬರಲಿಲ್ಲ. ಅವಳು ನಿಲ್ಲಿಸಲಿಲ್ಲ. ಕಣ್ಣು ಚೀಲದ ಮೇಲೆಯೇ ಇತ್ತು. ದೀಪ ಒಮ್ಮೆ ಮಿಣುಕಿ, ಹಸಿರಾಗಿ ನಿಂತಿತು. ಅಷ್ಟರಲ್ಲಿ ಸ್ಪೀಕರಿನಲ್ಲೂ ಅವಳ ದನಿಯ ಕೊನೆಯ ತುಣುಕು ಕೇಳಿಸಿತು, "...ರ್ರ್ರ್". ಕೂಸು ಬೆಚ್ಚಿ ಕಣ್ಣು ಬಿಟ್ಟಿತು.

ನೀಲಕ್ಕ ಉಸಿರು ಹಿಡಿದು ಕರೆದಳು.

"ಮಲ್ಲಿಕಾ."

ಪ್ರಕಟಣೆಯ ದನಿ ಅದು, ಆದರೆ ಯಾವ ಊರಿನ ಹೆಸರನ್ನೂ ಅವಳು ಅಷ್ಟು ಮೆಲ್ಲಗೆ ಕರೆದಿರಲಿಲ್ಲ.

"ಮಲ್ಲಿಕಾ. ಮಲ್ಲಿಕಾ."

ಆಮೇಲೆ ಬೆನ್ನಿಗೆ ಗುದ್ದುಗಳ ಸುರಿಮಳೆ. "ಮೆತ್ತಗ ಗುದ್ರವ್ವಾ, ಯಂತ್ರ ಐತಿ!" ಎಂದು ಬಸವಂತ ಕೂಗುತ್ತಿದ್ದ. ಕೂಗುತ್ತಲೇ ಅಳುತ್ತಿದ್ದ, ಏಕೆಂದರೆ ಹೆಸರು ಅವನಿಗೂ ಈಗಲೇ ಗೊತ್ತಾದದ್ದು. ಗುಂಪು ಸೀಳಿಕೊಂಡು ಬಂದ ತಬಸ್ಸುಮ್ ನೀಲಕ್ಕನನ್ನು ತಬ್ಬಿಕೊಂಡು, "ನನ್ನ ತಪ್ಪು ರೀ ನೀಲಕ್ಕ, ನಾ ಕಾಯಂ ಮಾಡೋದ ಮರತಿದ್ದೆ," ಎಂದು ಒಂದೇ ಸಮನೆ ಹೇಳುತ್ತಿದ್ದಳು. "ನಾಳೆನ ಬಂದು ಅದರ ನಿದ್ದಿ ಬಿಡಸ್ತೀನಿ."

ನೀಲಕ್ಕ ತಲೆಯಲ್ಲಾಡಿಸಿದಳು. "ತಬಸ್ಸುಮ್, ಬ್ಯಾಡ ಬಿಡು. ಮಲಗ್ಲಿ ಪಾಪ. ನಿದ್ದಿಗೆಟ್ರ ಅದು ಮಧ್ಯಾಹ್ನಕ್ಕ ಸಾಯತೈತಿ. ಹೆಂಗ ಎಬ್ಬಸಬೇಕಂತ ನಂಗ ಗೊತ್ತಾತು."

*

ಡಾ. ಕಿಣಿ ಈ ಕಥೆಯನ್ನು ಎರಡು ಸಲ ಹೇಳಿಸಿಕೊಂಡರು. ಎರಡನೆಯ ಸಲ, "ನೀರು ತಾಗಿಸಿದಿರಾ ಅಂತ ಕೇಳಿದೆನಲ್ಲ ನಾನು," ಎಂದು ತಾವೇ ನಕ್ಕರು. ಅಂದಿನಿಂದ ಪ್ರಯೋಗಾಲಯದ ಮೇಜಿನ ಮೇಲಿನ ಮೈಕು ಹೋಯಿತು. ಪರೀಕ್ಷೆ ಎಂದರೆ ಈಗ ತಬಸ್ಸುಮ್ ಅವರವರ ಮನೆಗೇ ಹೋಗಿ, ಅಡುಗೆಮನೆಯಲ್ಲೋ ಜಗಲಿಯಲ್ಲೋ ಕುಳಿತು ಚಹಾ ಕುಡಿಯುವುದು. ಪಟ್ಟಿ ಕಟ್ಟಿಕೊಂಡವರು ಬರಬರುತ್ತ ಹೆಚ್ಚಾದರು. ಕಾರ್ಡನ್ನು ಎಬ್ಬಿಸಲು ಒಬ್ಬೊಬ್ಬರು ಒಂದೊಂದು ರೂಢಿ ಮಾಡಿಕೊಂಡಿದ್ದಾರೆ. ಬೆಟಗೇರಿಯ ನೇಕಾರರೊಬ್ಬರು ತುಟಿ ಚಪ್ಪರಿಸುತ್ತಾರೆ. ಲಕ್ಕುಂಡಿಯ ಮಾಸ್ತರರೊಬ್ಬರು ಮೊದಲು ತರಗತಿಯತ್ತ ಒಂದು ಸಲ "ಹ್ಞಾಂ" ಎನ್ನುತ್ತಾರೆ, ಗಂಟಲಿದ್ದಾಗಲೂ ಹಾಗೇ ಅನ್ನುತ್ತಿದ್ದರಂತೆ. ಬ್ಯಾಟರಿ ಸಂಜೆಯವರೆಗೂ ಬರುತ್ತದೆ.

ಗದಗಿನ ಮನೆಯಲ್ಲಿ ಈಗ ಪ್ರಯಾಣಿಕರು ಯಾರೂ ಇಲ್ಲ. "ಕುರ್ರ್, ಬಸೂ, ಅಂಗಡಿಗೆ ಹೋಗಿ ಬಾ." "ಕುರ್ರ್, ಸುವರ್ಣಾ, ಕುಕ್ಕರ್ ಸೀಟಿ ಹೊಡೀತು." ಎದುರುಮನೆಯ ಅಜ್ಜಿಗೆ ಮಾತ್ರ ಹಳೆಯದೇ ಇಷ್ಟವಂತೆ. ಅವಳಿಗಾಗಿ ನೀಲಕ್ಕ ಬೇಕೆಂದೇ ಒಮ್ಮೊಮ್ಮೆ ಕುರ್ರ್ ಬಿಟ್ಟು ಮಾತಾಡುತ್ತಾಳೆ.

ಮಲ್ಲಿಕಾ ಈಗ ಗೋಡೆ ಹಿಡಿದು ನಿಲ್ಲುತ್ತಾಳೆ. ಮಾತು ಇನ್ನೂ ಬಂದಿಲ್ಲ. ಮೊನ್ನೆ ನೀಲಕ್ಕ ಪಡಸಾಲೆಯಲ್ಲಿ ಹೂ ಕಟ್ಟುತ್ತ ಕುಳಿತಿದ್ದಾಗ ಕೂಸು ತೆವಳಿಕೊಂಡು ಬಂದು ಅವಳ ಮೊಣಕಾಲು ಹಿಡಿದು ಎದ್ದು ನಿಂತಿತು. ಸೊಂಟದ ಚೀಲದ ಆರಿದ ದೀಪವನ್ನು ನೋಡಿತು, ಅತ್ತೆಯ ಮುಖ ನೋಡಿತು. ಆಮೇಲೆ ಜೊಲ್ಲು ತುಂಬಿದ ತುಟಿಗಳನ್ನು ಕೂಡಿಸಿ, ಉಗುಳು ಸಿಡಿಸುತ್ತ, ತಾನೇ "ಕುರ್ರ್ರ್ರ್..." ಎಂದಿತು. ಅಂದು ಬಾಯಿ ತೆರೆದುಕೊಂಡು ಕಾಯುತ್ತ ನಿಂತಿತು.

ನೀಲಕ್ಕ ಹೂವಿನ ದಾರ ಕೆಳಗಿಟ್ಟಳು. ಅವಳ ನಗುವಿಗೆ ಗದ್ದ ಅಲುಗಿ ದೀಪ ಹಸಿರಾಯಿತು. ಅವಳು ಕೂಸನ್ನು ಹೆಸರು ಹಿಡಿದು ಕರೆದಳು.